ನಾಯಿಯ ಕೊರಳಪಟ್ಟಿ

ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಒಂದೇ ಸೂತ್ರದಲ್ಲಿ ಕಟ್ಟಿರುವನು. ಆ ಮೂರು ಶಬ್ದಗಳ ರೂಪಸಿದ್ಧಿಗೆ ಒಂದೇ ನಿಯಮ ಸಾಕಾದುದರಿಂದ ಆತನಿಗೆ ಅದರಲ್ಲಿ ಸಂಕೋಚವೇನೂ ತೋರಲಿಲ್ಲ. ಪಾಠಶಾಲೆಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಇದನ್ನು ಹೇಳಿಕೊಂಡು ನಗುತ್ತ ಬಂದಿರುವರು. ಸೂತ್ರವೆಂದರೆ ದಾರವೂ ಹೌದಷ್ಟೆ. ಎಳೆಯ ಪ್ರಾಯದ ನಾಯಿಯೊಂದನ್ನು ದಾರದಲ್ಲಿ ಹಿಡಿದು ನಡೆಸಬೇಕಾಗಿ ಬಂದವರಿಗೆ ಮಾತ್ರ ಆ ವಿನೋದದ ಇನ್ನೊಂದು ಮಗ್ಗುಲು ತಿಳಿಯುವುದು. ಹಗ್ಗದ ಆ ತುದಿಯಲ್ಲಿ ನಾಯಿಯೂ ಇರುವುದು, ಯೌವನವೂ ಇರುವುದು, ತನ್ನನ್ನು ತಡೆಯುವವರು ಮೂರು ಲೋಕದಲ್ಲಿಯೂ ಇಲ್ಲವೆಂಬ ಇಂದ್ರನ ಗರ್ವವೂ ಇರುವುದು.

ಸಿದ್ದಾಪುರ ತಾಲೂಕಿನಲ್ಲಿ, ಕಾನಸೂರಿನಿಂದ ಒಳಕ್ಕೆ ಹೋಗುವ ಒಂದು ಮಣ್ಣುದಾರಿಯ ಕೊನೆಯ ಮನೆಯ ಯಜಮಾನರಿಗೆ ಈ ಮಗ್ಗುಲು ತಿಳಿದುದು ಎಪ್ಪತ್ತರ ಹತ್ತಿರದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಮನೆಗಳು ಒಂದರ ಪಕ್ಕದಲ್ಲಿ ಒಂದಿರುವುದು ಕಡಿಮೆ. ಕಣಿವೆಗೊಂದು ಮನೆ, ಮುಂದೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಇಂಥ ಮನೆಗೆ ನಾಯಿಯಿಲ್ಲದೆ ನಡೆಯದು. ಮಂಗ ಬಂದರೆ, ಹಂದಿ ಬಂದರೆ, ದಣಪೆಯ ಬಳಿ ಅಪರಿಚಿತರು ನಿಂತರೆ ಅದು ಬೊಗಳಬೇಕು. ಆದರೆ ಬೊಗಳುವುದರ ಹೊರತು ಮನೆಯವರಿಗೂ ಅದಕ್ಕೂ ಬೇರೆ ವ್ಯವಹಾರವಿಲ್ಲ. ಊಟ ಮುಗಿದ ಮೇಲೆ ಒಂದಿಷ್ಟು ಅನ್ನ ಹಾಕುವರು. ಜಗಲಿಯ ಮೆಟ್ಟಿಲು ಏರಿದರೆ ಗದರಿಸುವರು. ಮುಟ್ಟಿದರೆ ಮೀಯಬೇಕೆಂಬ ನಿಯಮವಿರುವ ಮನೆಗಳಲ್ಲಿ ನಾಯಿಯು ಹತ್ತು ವರ್ಷ ಬದುಕಿದರೂ ಅದರ ತಲೆಯ ಮೇಲೆ ಒಂದು ಕೈ ಬಿದ್ದಿರುವುದಿಲ್ಲ.

ಈ ಮನೆಯಲ್ಲಿ ಮೊದಲಿದ್ದುದು ಕಾಳ. ದಾರಿಯಲ್ಲಿ ಹೋಗುವ ಸ್ಕೂಟರುಗಳನ್ನು ಅಟ್ಟಿಸಿಕೊಂಡು ಹೋಗಿ ಒಮ್ಮೆ ಒಬ್ಬರನ್ನು ಬೀಳಿಸಿದ ಮೇಲೆ ಅದನ್ನು ಸರಪಳಿಯಿಂದ ಅಂಗಳದ ಕಂಬಕ್ಕೆ ಕಟ್ಟಿದರು. ಕಟ್ಟಿದ ನಾಯಿಯ ಸಿಟ್ಟು ಹೆಚ್ಚಿತು. ಸಿಟ್ಟು ಹೆಚ್ಚಿದಷ್ಟೂ ಬಿಚ್ಚಲು ಅಂಜಿಕೆಯಾಯಿತು. ಹೀಗೆ ನಾಲ್ಕು ವರ್ಷ. ಆಷಾಢದ ಒಂದು ರಾತ್ರಿ ಮಳೆಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಬೆಳಗಾದಾಗ ಸರಪಳಿಯಿತ್ತು, ಅದರ ತುದಿಯಲ್ಲಿ ಹರಿದ ಪಟ್ಟಿಯಿತ್ತು, ಕೊಟ್ಟಿಗೆಯ ಮಗ್ಗುಲ ಕೆಸರಿನಲ್ಲಿ ಚಿರತೆಯ ಹೆಜ್ಜೆಯಿತ್ತು. ಚಿರತೆಯು ನಾಯಿಯನ್ನು ಒಯ್ಯುವುದು ಈ ಸೀಮೆಯಲ್ಲಿ ಹೊಸ ಮಾತಲ್ಲ. ಆದರೆ ಅಂಗಳದಲ್ಲಿ ನಿಂತು ಯಜಮಾನರ ಪತ್ನಿಯವರು ಒಂದೇ ಮಾತನ್ನು ಹೇಳಿದರು. ಕಟ್ಟದೇ ಇದ್ದಿದ್ದರೆ ಅದು ಓಡಿಯಾದರೂ ಬದುಕುತ್ತಿತ್ತೇನೋ ಎಂದರು. ಯಜಮಾನರು ಸರಪಳಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಮುಂದೆ ಎರಡು ವರ್ಷ ಆ ಮನೆಯಲ್ಲಿ ನಾಯಿ ಇರಲಿಲ್ಲ.

ಬಳಿಕ ಶಿರಸಿಯಲ್ಲಿ ಓದುತ್ತಿದ್ದ ಮೊಮ್ಮಗಳು ರಜೆಗೆ ಬರುವಾಗ ಚೀಲದಲ್ಲಿ ಒಂದು ಮರಿಯನ್ನು ತಂದಳು. ಬಣ್ಣದಿಂದ ಅದಕ್ಕೆ ಕೆಂಚನೆಂಬ ಹೆಸರಾಯಿತು. ಅದು ಒಂಬತ್ತು ತಿಂಗಳಿಗೆ ಬರುವಷ್ಟರಲ್ಲಿ ಕಾಳನ ರೋಗವೇ ಅದಕ್ಕೂ ತಗಲಿತು. ಓಡುವುದೆಲ್ಲವೂ ಅಟ್ಟಿಸಿಕೊಂಡು ಹೋಗತಕ್ಕದ್ದೆಂದು ಅದರ ತೀರ್ಮಾನ. ನೆರೆಯವರ ಕರುವನ್ನು ತೋಟದ ಕಾಲುವೆಗೆ ಕೆಡಹಿದ ದಿನ ಸರಪಳಿಯ ಮಾತು ಮತ್ತೆ ಬಂದಿತು. ಯಜಮಾನರು ಅಟ್ಟವನ್ನು ಹತ್ತಲಿಲ್ಲ. ಹಗಲು ಎರಡು ಹೊತ್ತು ತಾನೇ ಹಗ್ಗ ಹಿಡಿದು ನಡೆಸುವೆನು, ನಡೆದು ದಣಿದ ನಾಯಿ ಮನೆಯ ಹತ್ತಿರವೇ ಇರುವುದು ಎಂದರು. ದೇಶದ ಕಾನೂನೂ ಇದನ್ನೇ ಹೇಳುತ್ತದೆಂಬುದು ಅವರಿಗೆ ಆಮೇಲೆ ತಿಳಿಯಿತು. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ 11ನೆಯ ಕಲಮಿನಂತೆ ಪ್ರಾಣಿಯನ್ನು ಬಹಳ ಗಿಡ್ಡವಾದ ಅಥವಾ ಬಹಳ ಭಾರವಾದ ಸರಪಳಿಯಲ್ಲಿ ಹೊತ್ತುಮೀರಿ ಕಟ್ಟುವುದು ಅಪರಾಧ. ಸದಾ ಕಟ್ಟಿಡುವ ನಾಯಿಗೆ ತಕ್ಕಷ್ಟು ನಡೆದಾಟ ಕೊಡದಿರುವುದೂ ಅಪರಾಧವೇ. ತೋಟದ ಮನೆಗಳಲ್ಲಿ ಇದನ್ನು ಅರಿತವರು ಎಷ್ಟು ಮಂದಿಯೋ!

ಹಗ್ಗ ಹಿಡಿಯುವೆನೆಂದುದು ಸುಲಭವಾಯಿತು, ಹಿಡಿದುದು ಸುಲಭವಾಗಲಿಲ್ಲ. ಮೊದಲು ಅವರು ಕೊಟ್ಟಿಗೆಯ ಹಳೆಯ ಹಗ್ಗವೊಂದನ್ನು ಕುಣಿಕೆ ಮಾಡಿ ಕೊರಳಿಗೆ ಹಾಕಿದರು. ಕರುವನ್ನು ಕಟ್ಟುವಾಗ ಎಳೆದರೂ ಬಿಗಿಯದ ಗಂಟನ್ನೇ ಹಾಕಬೇಕೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಬಿಗಿಯುವ ಕುಣಿಕೆ ಹಾಕಿ ಮಲಗಿದವನು ಬೆಳಗ್ಗೆ ಕರುವನ್ನು ಕಾಣಲಾರನು. ಅದೇ ಕೈ ನಾಯಿಗೆ ಮಾತ್ರ ಏಕೆ ಕುಣಿಕೆಯನ್ನು ಹೆಣೆಯಿತೋ ತಿಳಿಯದು. ಕೆಂಚನು ಎಳೆದನು, ಕುಣಿಕೆ ಬಿಗಿಯಿತು, ಅವನಿಗೆ ಕೆಮ್ಮು ಬಂದಿತು, ಆದರೂ ಎಳೆದನು. ಮೂರನೆಯ ದಿನ ಹಳ್ಳದ ಕಾಲುಸಂಕವನ್ನು ದಾಟುವಾಗ ಆಚೆಯ ದಂಡೆಯಲ್ಲಿ ಕೆಂಬೂತವೊಂದು ಹಾರಿತು. ಎರಡು ಅಡಿಕೆ ಮರಗಳ ಮೇಲೆ ನಿಂತ ವೃದ್ಧರು, ಮುಂದೆ ನೆಗೆದ ನಾಯಿ. ಕೈಯ ಹಗ್ಗವನ್ನು ಬಿಟ್ಟುದರಿಂದ ಯಜಮಾನರು ಉಳಿದರು. ಸೊಂಟ ಮುರಿದಿದ್ದರೆ ಕಾನಸೂರಿನವರೆಗೆ ಹೊತ್ತು ಒಯ್ಯಲು ಮನೆಯಲ್ಲಿ ಗಂಡಾಳು ಇರಲಿಲ್ಲ.

ಇದನ್ನು ಕೇಳಿ ಪೇಟೆಯಲ್ಲಿದ್ದ ಅಳಿಯಂದಿರು ಒಂದು ಸಾಧನವನ್ನು ತಂದುಕೊಟ್ಟರು. ಪೇಟೆಯವರು ಕೊರಳಪಟ್ಟಿಗೆ ಬೆಲ್ಟೆಂದೇ ಹೇಳುವರು. ಇದು ಬೆಲ್ಟಿನ ಹಾಗಿರಲಿಲ್ಲ. ಉಕ್ಕಿನ ಕೊಂಡಿಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಮಾಲೆ. ಒಂದೊಂದು ಕೊಂಡಿಯಿಂದಲೂ ಎರಡೆರಡು ಮೊಂಡು ಮುಳ್ಳುಗಳು ಒಳಕ್ಕೆ, ಕೊರಳಿನ ಕಡೆಗೆ ಬಾಗಿದ್ದವು. ಹಗ್ಗ ಸಡಿಲವಾಗಿರುವಾಗ ಮುಳ್ಳು ಸುಮ್ಮನಿರುವುದು. ನಾಯಿ ಎಳೆದೊಡನೆ ಮಾಲೆ ಕಿರಿದಾಗಿ ಮುಳ್ಳುಗಳೆಲ್ಲ ಒಮ್ಮೆಗೇ ಚುಚ್ಚುವವು. ಅದರ ಗುಣವನ್ನು ಮರೆಮಾಡುವುದು ನ್ಯಾಯವಲ್ಲ. ಮೊದಲ ದಿನವೇ ಕೆಂಚನು ಯಜಮಾನರ ಮೊಳಕಾಲಿನ ಪಕ್ಕದಲ್ಲಿ ನಡೆದನು. ಕಾಲುಸಂಕವನ್ನು ಇಬ್ಬರೂ ನಿಶ್ಚಿಂತೆಯಿಂದ ದಾಟಿದರು. ಒಂದು ವಾರ ಮನೆಯಲ್ಲಿ ಅಳಿಯಂದಿರ ಬುದ್ಧಿವಂತಿಕೆಯ ಪ್ರಶಂಸೆಯಾಯಿತು.

ಎರಡನೆಯ ವಾರದಲ್ಲಿ ಬೇರೆ ಲಕ್ಷಣಗಳು ಕಂಡವು. ಗೂಟದಿಂದ ಮಾಲೆಯನ್ನು ತೆಗೆದ ಸದ್ದಿಗೆ ಕೆಂಚನು ಬಾಲವನ್ನು ಒಳಕ್ಕೆ ಮಡಚಿಕೊಂಡು ಕಟ್ಟಿಗೆಯ ರಾಶಿಯ ಹಿಂದೆ ಅವಿತುಕೊಳ್ಳುವನು. ಮೊದಲು ಅಂಚೆಯವನನ್ನು ಕಂಡರೆ ಕುಣಿದಾಡುತ್ತಿದ್ದವನು ಈಗ ದೂರದಿಂದಲೇ ಗುರುಗುಟ್ಟುವನು. ಇದರ ಕಾರಣ ಕಷ್ಟವಾದುದಲ್ಲ. ಅಂಚೆಯವನನ್ನು ಕಂಡಾಗ ಅವನು ಸಂತೋಷದಿಂದ ಮುಂದಕ್ಕೆ ಹೋಗುವನು. ಅದೇ ಕ್ಷಣದಲ್ಲಿ ಕೊರಳಿಗೆ ಚುಚ್ಚುವುದು. ಚುಚ್ಚಿದುದು ತಾನು ಎಳೆದುದಕ್ಕೆ ಎಂದು ಮನುಷ್ಯನು ತರ್ಕಿಸಬಹುದು. ನಾಯಿಯು ಎದುರಿಗೆ ಕಂಡ ಅಂಚೆಯವನೇ ಚುಚ್ಚಿದನೆಂದು ತಿಳಿಯುವುದು. ರಷ್ಯಾದೇಶದ ಪಾವ್ಲೋವ್ ಎಂಬ ವಿಜ್ಞಾನಿಯು ನಾಯಿಗಳ ಮೇಲೆಯೇ ಪರೀಕ್ಷೆ ನಡೆಸಿ, ಒಂದೇ ಹೊತ್ತಿಗೆ ಬಂದ ಎರಡು ಸಂಗತಿಗಳನ್ನು ಪ್ರಾಣಿಯ ಮನಸ್ಸು ಹೇಗೆ ಗಂಟುಹಾಕುವುದೆಂದು ತೋರಿಸಿದನು. ಕೆಂಚನ ಮನಸ್ಸು ಹಾಕಿಕೊಂಡ ಗಂಟು ಅಂಥದೇ. ಕಾಳನು ಸಿಡುಕನಾದುದೂ ಹೀಗೆಯೇ ಇರಬಹುದೆ ಎಂಬ ಯೋಚನೆ ಯಜಮಾನರಿಗೆ ಆಗ ಬಂದಿತೆಂದು ತೋರುತ್ತದೆ. ಆ ದಿನ ಅವರು ಊಟಕ್ಕೆ ತಡವಾಗಿ ಬಂದರು.

ಮೊಮ್ಮಗಳು ಮತ್ತೆ ಬಂದಾಗ ಮಾಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಅಜ್ಜ, ಇದ್ನ ನೀನು ಕೈಗೆ ಹಾಕ್ಯಂಡು ಎಳ್ದು ನೋಡಿದ್ಯಾ?” ಎಂದಳು. ಯಜಮಾನರು ಮುಂಗೈಗೆ ಸುತ್ತಿ ಎಳೆಯಲು ಹೇಳಿದರು. ಅವಳು ಎಳೆದಳು. ಆ ಮೇಲೆ ಮಾಲೆಯು ಕೆಂಚನ ಕೊರಳಿಗೆ ಹೋಗಲಿಲ್ಲ.

ಈ ಮುಳ್ಳುಪಟ್ಟಿಯ ಪೂರ್ವವೃತ್ತಾಂತವು ವಿಚಿತ್ರವಾದುದು. ಹಿಮಾಲಯದ ಕುರಿಗಾಹಿಗಳು ತಮ್ಮ ಭೋಟಿಯಾ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿಯನ್ನು ಕಟ್ಟುವರು. ತುರ್ಕಸ್ತಾನದ ಕುರಿಹಟ್ಟಿಗಳಲ್ಲಿಯೂ ಅದುಂಟು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಮಿನ ವಾರೋ ಎಂಬ ಪಂಡಿತನು ಕೃಷಿಯ ಮೇಲೆ ಬರೆದ ಗ್ರಂಥದಲ್ಲಿ ಹಟ್ಟಿಯ ನಾಯಿಗೆ ಗಟ್ಟಿ ತೊಗಲಿನ, ಮೊಳೆ ಬಡಿದ ಪಟ್ಟಿಯನ್ನು ಹೇಳಿರುವನು. ಮೊಳೆಯ ತಲೆಗಳು ನಾಯಿಯ ಕೊರಳನ್ನು ಒತ್ತದಂತೆ ಒಳಗಡೆ ಮೆತ್ತನೆಯ ತೊಗಲನ್ನು ಹೊಲಿಯಬೇಕೆಂದು ಹೇಳುವುದನ್ನೂ ಆತನು ಮರೆತಿಲ್ಲ. ಅಲ್ಲೆಲ್ಲ ಮುಳ್ಳಿನ ಮೊನೆಯು ಹೊರಕ್ಕೆ. ತೋಳವಾಗಲಿ ಚಿರತೆಯಾಗಲಿ ಕೊರಳಿಗೆ ಬಾಯಿ ಹಾಕಿದರೆ ಅದರ ಬಾಯಿಗೆ ಚುಚ್ಚಬೇಕು, ನಾಯಿ ಉಳಿಯಬೇಕು. ಆ ಮೊನೆಯನ್ನು ಒಳಕ್ಕೆ ತಿರುಗಿಸಿದುದು ತರಬೇತಿನವರ ಕೈಚಳಕ. ಜರ್ಮನಿಯ ಪೋಲೀಸು ನಾಯಿಗಳನ್ನು ಪಳಗಿಸಿದ ಕೋನ್ರಾಡ್ ಮೋಸ್ಟ್ ಎಂಬಾತನು 1910ರಲ್ಲಿ ಬರೆದ ಪುಸ್ತಕವು ಬಲಾತ್ಕಾರವನ್ನು ಶಿಕ್ಷಣದ ಒಂದು ಮುಖ್ಯ ಅಂಗವಾಗಿ ಎಣಿಸಿತು. ಅನೇಕ ವರ್ಷ ಹಲವು ದೇಶಗಳಲ್ಲಿ ಅದರ ದಾರಿಯೇ ನಡೆಯಿತು. ಅದೇ ಜರ್ಮನಿಯು 2022ರ ಆರಂಭದಿಂದ ನಾಯಿಗಳ ಶಿಕ್ಷಣದಲ್ಲಿ ಮುಳ್ಳುಪಟ್ಟಿಯನ್ನು ನಿಷೇಧಿಸಿದೆ. ಈ ದೇಶದ ಪೇಟೆಗಳಲ್ಲಿ ಅದು ಸಿಗುತ್ತಿರುವುದು ಮಾತ್ರ ನಿಜ.

ಯಜಮಾನರು ಎಳೆವೆಯಲ್ಲಿ ಪಾಠಶಾಲೆಯಲ್ಲಿ ಕಲಿತವರು. ಮಹಾಭಾರತದ ನಾಯಿಯೆಂದರೆ ಎಲ್ಲರಿಗೂ ಧರ್ಮರಾಜನೊಡನೆ ಸ್ವರ್ಗದ ಬಾಗಿಲವರೆಗೆ ಹೋದುದೇ ನೆನಪಾಗುವುದು. ಆದರೆ ಆ ಗ್ರಂಥದ ಆರಂಭದಲ್ಲಿಯೇ, ಆದಿಪರ್ವದ ಪೌಷ್ಯಪ್ರಕರಣದಲ್ಲಿ, ಇನ್ನೊಂದು ನಾಯಿಯುಂಟು. ಜನಮೇಜಯನು ಕುರುಕ್ಷೇತ್ರದಲ್ಲಿ ತಮ್ಮಂದಿರೊಡನೆ ದೀರ್ಘಸತ್ರವನ್ನು ಮಾಡುತ್ತಿದ್ದನು. ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬಂದಿತು. ತಮ್ಮಂದಿರು ಅದನ್ನು ಹೊಡೆದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ನೀನೇನಾದರೂ ತಪ್ಪು ಮಾಡಿರಬೇಕು ಎಂದಳು ತಾಯಿ. ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎಂದಿತು ಮರಿ. ಸರಮೆಯು ಯಜ್ಞಶಾಲೆಗೇ ಬಂದು ಕೇಳಿದಳು, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು. ಅಷ್ಟು ಮಂದಿಯಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಅವಳು ಹೋದಳು. ಚಕ್ರವರ್ತಿಯು ಆ ಶಾಪಕ್ಕೆ ಹೆದರಿ, ಅದನ್ನು ಶಮನಮಾಡಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೋಗಬೇಕಾಯಿತು. ಕಾಣದ ಕಡೆಯಿಂದ ಬರುವ ಭಯವು ಮರಿಗೆ ಮೊದಲು ಬಂದಿತ್ತು. ಸರಮೆಯು ಅದನ್ನು ಕೊಟ್ಟವರಿಗೇ ತಿರುಗಿ ಕೊಟ್ಟಳು, ಅಷ್ಟೆ. ಕೆಂಚನಿಗೆ ಚುಚ್ಚುವ ಮುಳ್ಳೂ ಕಾಣದ ಕಡೆಯದೇ.

ರೇಬೀಸಿನ ಚುಚ್ಚುಮದ್ದಿಗೆ ಕೆಂಚನನ್ನು ಸಿದ್ದಾಪುರಕ್ಕೆ ಒಯ್ದ ದಿನ ಯಜಮಾನರು ಪಶುವೈದ್ಯರನ್ನು ಕೇಳಿದರು. ವೈದ್ಯರು ಕೊರಳನ್ನು ತಮ್ಮ ಕೈಯಿಂದ ತಡವಿ, ಇಲ್ಲಿ ಶ್ವಾಸನಾಳ, ಇಲ್ಲಿ ಥೈರಾಯ್ಡ್ ಗ್ರಂಥಿ, ಇಲ್ಲಿ ತಲೆಯಿಂದ ಇಳಿಯುವ ದೊಡ್ಡ ರಕ್ತನಾಳಗಳು ಎಂದು ತೋರಿಸಿದರು. ಕೊರಳಪಟ್ಟಿಯ ಮೇಲೆ ಜಗ್ಗಿದಾಗ ನಾಯಿಯ ಕಣ್ಣಿನೊಳಗಣ ಒತ್ತಡವು ಏರುವುದೆಂದೂ ಎದೆಪಟ್ಟಿಯ ಮೇಲೆ ಜಗ್ಗಿದಾಗ ಹಾಗೆ ಏರದೆಂದೂ 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಂಡಿದೆ. ಎಳೆಯುವ ಅಭ್ಯಾಸವಿರುವ ನಾಯಿಗೆ ಎದೆಪಟ್ಟಿಯೇ ವಾಸಿ. ಕೊರಳಪಟ್ಟಿ ಹೆಸರು ವಿಳಾಸಗಳ ಬಿಲ್ಲೆಗೆ ಇರಲಿ ಎಂದರು ವೈದ್ಯರು.

ಎದೆಪಟ್ಟಿಯನ್ನು ಪೇಟೆಯಲ್ಲಿ ಹಾರ್ನೆಸ್ ಎನ್ನುವರು. ಅದರ ಮರ್ಮವು ಎತ್ತು ಕಟ್ಟಿದವರಿಗೆ ಬೇಗ ಹೊಳೆಯುವುದು. ಎತ್ತು ಗಂಟಲಿನಿಂದ ಎಳೆಯುವುದಿಲ್ಲ. ನೊಗವು ಹಿಣಿಲಿನ ಮುಂದೆ ಕುಳಿತು ಭಾರವನ್ನು ಹೆಗಲಿಗೆ ಕೊಡುವುದು. ಕುದುರೆಗೆ ಹಿಣಿಲಿಲ್ಲದುದರಿಂದ ಹೆಗಲಿನ ಮೇಲೆ ಕೂರುವ ಮೆತ್ತೆಯ ಬಳೆಯನ್ನು ಮಾಡಬೇಕಾಯಿತು. ಆದರೆ ಇಲ್ಲಿ ಒಂದು ತೊಡಕುಂಟು. ಎಳೆಯಲು ಅನುಕೂಲವಾದ ಸಾಧನದಲ್ಲಿ ಪ್ರಾಣಿಯು ಚೆನ್ನಾಗಿಯೇ ಎಳೆಯುವುದು. ಹಿಮದ ದೇಶಗಳಲ್ಲಿ ನಾಯಿಗಳು ಬಂಡಿಯನ್ನು ಎಳೆಯುವುದು ಬೆನ್ನಿನ ಕಡೆಗೆ ಹಗ್ಗ ಸಿಕ್ಕಿಸಿದ ಎದೆಪಟ್ಟಿಯಿಂದಲೇ. ಆದುದರಿಂದ ಹಗ್ಗದ ಬಳೆಯು ಬೆನ್ನಿನ ಮೇಲಲ್ಲದೆ ಎದೆಯ ಮುಂದೆ ಇರುವಂಥದನ್ನು ಆರಿಸಬೇಕು. ಆಗ ನಾಯಿ ಮುಂದಕ್ಕೆ ನುಗ್ಗಿದರೆ ಮೈ ಪಕ್ಕಕ್ಕೆ ತಿರುಗಿ ಹಿಡಿದವರ ಕಡೆಗೇ ಮುಖವಾಗುವುದು. ನೋವಿಲ್ಲ, ಬಲ ಮಾತ್ರ ವ್ಯರ್ಥವಾಗುವುದು.

ಪಟ್ಟಿಯ ಆಯ್ಕೆಯಲ್ಲಿ ನಾಯಿಯ ಜಾತಿಯನ್ನೂ ನೋಡಬೇಕು. 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಬಂದ ಮುಧೋಳದ ನಾಯಿಗೆ ತಲೆ ನೀಳ, ಕೊರಳು ದಪ್ಪ. ಸಾಧಾರಣ ಪಟ್ಟಿಯಿಂದ ಅದು ಹಿಂದಕ್ಕೆ ಸರಿದು ತಲೆಯನ್ನು ಬಿಡಿಸಿಕೊಳ್ಳಬಲ್ಲುದು. ಅಂಥವುಗಳಿಗೆ ಮಾರ್ಟಿಂಗೇಲ್ ಎಂಬ, ಒಂದು ಮಿತಿಯವರೆಗೆ ಮಾತ್ರ ಬಿಗಿದು ನಿಲ್ಲುವ ಪಟ್ಟಿ ಉಂಟು. ಕೆಂಚನ ತಲೆ ಕುಂಬಳಕಾಯಿಯಂತಿದ್ದುದರಿಂದ ಅವನಿಗೆ ಇದರ ಅಗತ್ಯ ಬೀಳಲಿಲ್ಲ.

ಮಲೆನಾಡಿನ ಮಳೆಯು ಮಿಕ್ಕ ತೀರ್ಮಾನವನ್ನು ಮಾಡಿತು. ತೊಗಲಿನ ಪಟ್ಟಿಗೆ ಜೂನಿನಲ್ಲಿ ಬೂಷ್ಟು ಹಿಡಿದರೆ ಸೆಪ್ಟೆಂಬರದವರೆಗೆ ಬಿಡದು; ನೆನೆದು ಒಣಗಿ ಅದು ಕೊರಳನ್ನು ಕೊಯ್ಯುವಷ್ಟು ಗಡುಸಾಗುವುದು. ಯಜಮಾನರಿಗೆ ತೊಗಲು ಬೇಡವಾಗಲು ಬೇರೆ ಕಾರಣವೂ ಇತ್ತು. ಆದರೆ ಕೃಷ್ಣಾಜಿನದ ಮೇಲೆ ಕುಳಿತು ಜಪ ಮಾಡಬಹುದಾದರೆ ತೊಗಲಿನ ಪಟ್ಟಿಯ ದೋಷವೇನು ಎಂದು ಯಾರಾದರೂ ಕೇಳಿಯಾರೆಂದು ಅವರು ಮಳೆಯ ಕಾರಣವನ್ನೇ ಹೇಳಿದರು. ಕೊನೆಗೆ ಶಿರಸಿಯಿಂದ ತಂದುದು ಅಗಲವಾದ ನೈಲಾನು ಪಟ್ಟಿ ಒಂದು, ಎದೆಯ ಮುಂದೆ ಬಳೆಯುಳ್ಳ ಹಾರ್ನೆಸ್ ಒಂದು. ನೈಲಾನು ಬೇಗ ಒಣಗುವುದು. ಆದರೂ ಅದರ ಅಡಿಯಲ್ಲಿ ಉಣುಗು ಸೇರುವುದು ತಪ್ಪದು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯು ಸಿದ್ದಾಪುರದ ಹಳ್ಳಿಗಳಲ್ಲಿಯೂ ಜೀವಗಳನ್ನು ತೆಗೆದುಕೊಂಡಿದೆ. ಅದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ತಿರುಗಿ ಬಂದ ನಾಯಿಯ ಪಟ್ಟಿಯನ್ನು ದಿನವೂ ಬಿಚ್ಚಿ, ಕೊರಳನ್ನೂ ಕಂಕುಳನ್ನೂ ಬೆರಳಿನಿಂದ ಬಿಡಿಸಿ ನೋಡದೆ ಗತಿಯಿಲ್ಲ. ಬೆಳೆಯುವ ನಾಯಿಯ ಪಟ್ಟಿಯನ್ನು ವಾರಕ್ಕೊಮ್ಮೆ ಸಡಿಲಿಸಿ ಅಳತೆಯನ್ನೂ ನೋಡಬೇಕು: ಪಟ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಎರಡು ಬೆರಳನ್ನು ದೂರದಿಂದ ತೂರಿಸಲು ಬರುವುದಿಲ್ಲ. ಅರುವತ್ತು ವರ್ಷ ನಾಯಿ ಸಾಕಿದ ಮನೆಯ ಯಜಮಾನರು ನಾಯಿಯ ಕೊರಳನ್ನು ಮುಟ್ಟಿದುದು ಆಗ ಮೊದಲು. ಮೊದಲ ವಾರ ಮುಟ್ಟಿದಾಗಲೆಲ್ಲ ಮಿಂದರು. ಆಷಾಢದ ಚಳಿಯಲ್ಲಿ ದಿನಕ್ಕೆ ಮೂರು ಸ್ನಾನ. ಎರಡನೆಯ ವಾರ ಕೈಕಾಲು ತೊಳೆದುಕೊಂಡರು. ಮೂರನೆಯ ವಾರದ ಸಂಗತಿಯನ್ನು ಪತ್ನಿಯವರು ನೋಡಿಯೂ ನೋಡದಂತಿದ್ದರು.

ಸಾಧನವು ಅರ್ಧ ಕೆಲಸವನ್ನು ಮಾತ್ರ ಮಾಡಿತು. ಉಳಿದುದನ್ನು ಮೊಮ್ಮಗಳು ಅಜ್ಜನಿಗೆ ಕಲಿಸಿದಳು, ಅಜ್ಜನು ಕೆಂಚನಿಗೆ. ಹಗ್ಗ ಬಿಗಿದೊಡನೆ ನಿಲ್ಲುವುದು, ಜಗ್ಗಬಾರದು, ಗದರಿಸಬಾರದು. ಕೆಂಚನು ತಿರುಗಿ ನೋಡಿ ಹಗ್ಗ ಸಡಿಲವಾದೊಡನೆ ತೆಳ್ಳೇವಿನ ಒಂದು ಚೂರು ಕೊಟ್ಟು ಮುಂದೆ ನಡೆಯುವುದು. ಎಳೆಯುವ ನಾಯಿಗೆ ಎಳೆತದಿಂದ ದಾರಿ ಸಾಗುವುದೆಂಬ ನಂಬಿಕೆಯುಂಟು; ಎಳೆದರೆ ದಾರಿ ನಿಲ್ಲುವುದೆಂದು ಅದಕ್ಕೆ ಕಾಣಬೇಕು. ಹೇಳುವಾಗ ಇಷ್ಟೇ. ಮೊದಲ ದಿನ ಅಂಗಳದಿಂದ ದಣಪೆಯವರೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು, ಯಾರು ಯಾರಿಗೆ ಕಲಿಸುತ್ತಿರುವುದೆಂದು ವಿಚಾರಿಸಿದರು. ನಾಯಿಗೆ ನಾಲ್ಕು ಕಾಲು, ಹಿಡಿದವರಿಗೆ ಎರಡು, ಅವೂ ಹಳೆಯವು. ಅದರ ಮೂಗಿಗೆ ದಾರಿಯ ಒಂದೊಂದು ಹುಲ್ಲುಕಡ್ಡಿಯೂ ಒಂದೊಂದು ವಾರ್ತೆ. ಮೂಸಲು ಬಿಟ್ಟರೆ ಅದು ನಿಧಾನಿಸುವುದೆಂದು ಯಜಮಾನರು ತಾವೇ ಕಂಡುಕೊಂಡರು. ನವರಾತ್ರಿಯ ಹೊತ್ತಿಗೆ ಇಬ್ಬರೂ ಕಾಲುಸಂಕವನ್ನು ಸಡಿಲ ಹಗ್ಗದಲ್ಲಿ ದಾಟಿದರು. ಅಂಚೆಯವನ ಮೇಲಿನ ಗುರುಗುಟ್ಟು ಮಾತ್ರ ಪೂರ್ತಿ ಹೋಗಿಲ್ಲ. ಎರಡು ವಾರದಲ್ಲಿ ಬಿದ್ದ ಗಂಟು ಐದು ತಿಂಗಳಾದರೂ ಬಿಚ್ಚಿಲ್ಲ. ಅಂಚೆಯವನೇ ಈಗ ಕಿಸೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಬರುವನು.

ಆದರೆ ರಾತ್ರಿಯ ಪ್ರಶ್ನೆ ಉಳಿದಿತ್ತು. ಮೊನೆ ಹೊರಕ್ಕಿರುವ ಪಟ್ಟಿಯನ್ನು ಮಾಡಿಕೊಡಲಾಗುವುದೇ ಎಂದು ಯಜಮಾನರು ಊರಿನ ಆಚಾರಿಯನ್ನು ಕೇಳಿದರು. ಆಚಾರಿ ಒಂದು ತಗಡನ್ನು ಕೊಯ್ದು ಮೊಳೆ ಕೂರಿಸಿ ತೋರಿಸಿದನು. ಕೈಯಲ್ಲಿ ಹಿಡಿದರೆ ಅದು ಕಾಳನ ಸರಪಳಿಯಷ್ಟೇ ಭಾರ. ಇದನ್ನು ಹೊತ್ತ ನಾಯಿ ಮಲಗುವುದು ಹೇಗೆ, ಮೈ ತುರಿಸಿಕೊಳ್ಳುವುದು ಹೇಗೆ ಎಂದರು ಯಜಮಾನರು. ಚಿರತೆ ಕೊರಳನ್ನೇ ಹಿಡಿಯುವುದೆಂದು ಬರೆದುಕೊಟ್ಟಿದೆಯೇ ಎಂದನು ಆಚಾರಿ. ಹಿಮಾಲಯದ ನಾಯಿಯು ಕುರಿಹಿಂಡಿನ ನಡುವೆ ಬಯಲಿನಲ್ಲಿಯೇ ಮಲಗಬೇಕು, ಅದಕ್ಕೆ ಬೇರೆ ಗತಿಯಿಲ್ಲ. ಬಾಗಿಲಿರುವ ಮನೆಯ ನಾಯಿಗೆ ಮುಳ್ಳೇಕೆ?

ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕಾರ್ತಿಕದ ಒಂದು ಸಂಜೆ ನಡೆದು ಬರುವಾಗ ಹಳ್ಳದ ಮರಳಿನಲ್ಲಿ ಕೆಂಚನು ಮೂಸಿ ನಿಂತನು, ಬೆನ್ನಿನ ಕೂದಲು ನೆಟ್ಟಗಾಯಿತು. ಬಗ್ಗಿ ನೋಡಿದಾಗ ಹೆಜ್ಜೆ ಹೊಸದಾಗಿತ್ತು. ಹಗ್ಗ ಸಡಿಲವಾಗಿಯೇ ಇತ್ತು. ಕೆಂಚನು ಅಟ್ಟಿಸಿಕೊಂಡು ಹೋಗಲಿಲ್ಲ, ಯಜಮಾನರ ಕಾಲಿಗೆ ಒರಗಿ ನಿಂತನು. ಮನೆಗೆ ಬಂದ ಮೇಲೆ ಯಜಮಾನರು ಅವನ ಪಟ್ಟಿಯನ್ನು ಬಿಚ್ಚಿ, ಉಣುಗು ನೋಡಿ, ಗೂಟಕ್ಕೆ ತೂಗುಹಾಕಿದರು. ಜಗಲಿಯ ಮೆಟ್ಟಿಲಿನ ಕೆಳಗೆ ನಿಂತ ನಾಯಿಯು ಬರಿಯ ಕೊರಳಿನಲ್ಲಿ ಅವರ ಮುಖವನ್ನು ನೋಡುತ್ತಿತ್ತು. ಪತ್ನಿಯವರು ಒಳಗಿನಿಂದ ಹಳೆಯ ಗೋಣಿಚೀಲವೊಂದನ್ನು ತಂದು ಹೆಬ್ಬಾಗಿಲಿನ ಒಳಮಗ್ಗುಲಿಗೆ ಹಾಸಿದರು. ಅದು ಒಳಗೆ ಬಂದ ಮೇಲೆ ಅಗಳಿಯನ್ನು ಹಾಕಿದರು.